ಕನ್ನಡ ಕಂಡರೆ ಸಾಲದು, ಕಿವಿಯಾರೆ ಕೇಳಿಯೇ ದುಡ್ಡು ಕೊಡಿ

ಅಪ್ಪ ಹಗಲು ಮುಂಬಯಿಯ ಮಾಟುಂಗಾದ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರು. ಈಗ ಎಂಬತ್ತು ದಾಟಿದೆ. ಕಣ್ಣಿನ ನಡುಭಾಗದ ದೃಷ್ಟಿಯೇ ಹೋಗಿ ಅಕ್ಷರ ಹಿಡಿಯುವುದಿಲ್ಲ. ಪುಸ್ತಕವನ್ನು ತಾನೇ ಓದಿ ಹೇಳುವ ಇ-ರೀಡರ್ ಸಿಗುತ್ತದೆ ಅಂತ ಯಾರೋ ಹೇಳಿದ್ದೇ ಸೈ, ಡೊಂಬಿವಲಿಯಿಂದ ಲೋಕಲ್ ಹಿಡಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ 14,500 ರೂಪಾಯಿ ಎಣಿಸಿ ತಂದೆ.

ಅಂಗಡಿಯವನು ಇಂಗ್ಲಿಷ್ ಕತೆಯೊಂದನ್ನು ಓದಿಸಿ ತೋರಿಸಿದ. ಕನ್ನಡ? "ಸಬ್ ಭಾಷಾ ಪಢೇಗಾ, ಮೇಡಂ." ಪರದೆಯ ಮೇಲೆ ಕನ್ನಡ ಮುದ್ದಾಗಿ ಮೂಡಿದ್ದನ್ನೂ ನೋಡಿದೆ. ಅಲ್ಲೇ ನಾನು ಬಿದ್ದದ್ದು. ಅಕ್ಷರ ತೋರಿಸಲು ಫಾಂಟ್ ಸಾಕು. ಓದಲು ಆ ಭಾಷೆಯ ಧ್ವನಿಯನ್ನೂ ಯಂತ್ರದೊಳಗೆ ಬೇರೆಯಾಗಿ ಹಾಕಿರಬೇಕು. ನೀವು ಹೋಗುವುದಾದರೆ ನಿಮ್ಮದೇ ಒಂದು ಕನ್ನಡ ಫೈಲ್ ಒಯ್ದು, ಕೌಂಟರಿನಲ್ಲೇ ಒಂದು ಪುಟ ಓದಿಸಿ.

ಮನೆಗೆ ಬಂದರೆ ಅದಕ್ಕೆ ಸ್ಪೀಕರೇ ಇಲ್ಲ! ಅಂಗಡಿಯಲ್ಲಿ ಕೇಳಿದ್ದು ಬದಿಯಲ್ಲಿದ್ದ ಬ್ಲೂಟೂತ್ ಡಬ್ಬಿಯಿಂದ. ಮಗನ ಇಯರ್‌ಫೋನ್ ಜೋಡಿಸಿ, ಒಂದನ್ನು ಅಪ್ಪನ ಕಿವಿಗೆ ಸಿಕ್ಕಿಸಿ ಇನ್ನೊಂದನ್ನು ನಾನಿಟ್ಟುಕೊಂಡೆ. ಸದ್ದಿಲ್ಲ. ಪುಟ ತಿರುಗಿತು. "ಫಾರ್ಟಿ ಟೂ." ಮತ್ತೆ ಸದ್ದಿಲ್ಲ. "ಫಾರ್ಟಿ ಥ್ರೀ." ಕನ್ನಡವನ್ನೆಲ್ಲ ಹಾರಿಸಿ ಪುಟಸಂಖ್ಯೆ ಮಾತ್ರ ಓದುತ್ತಿತ್ತು.

"ಇದೆಂಥದು ಮಾರಾಯ್ತಿ, ದಾದರ್ ಸ್ಟೇಷನ್ನಿನ ಅನೌನ್ಸ್‌ಮೆಂಟಾ?" ಅಂತ ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಸೀಲ್ ಒಡೆದಿದೆ ಅಂತ ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ.

ತಮಾಷೆಯೆಂದರೆ, ಮಗ ಮೂಲೆಗೆ ಹಾಕಿದ್ದ ಆಂಡ್ರಾಯ್ಡ್ ಟ್ಯಾಬ್‌ನ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಟ್-ಟು-ಸ್ಪೀಚ್ (ಬರಹವನ್ನು ಓದಿ ಹೇಳುವ ಸೌಲಭ್ಯ) ಅಂತ ಹುಡುಕಿದರೆ ಗೂಗಲ್‌ನ ಕನ್ನಡ ಧ್ವನಿ ಪುಕ್ಕಟೆ ಸಿಕ್ಕಿತು. ಗೆದ್ದೆ ಅಂದುಕೊಂಡು ಸಂಘದ ಹಳೆಯ ಸ್ಮರಣ ಸಂಚಿಕೆಯ ಪಿಡಿಎಫ್ ಹಾಕಿದೆ. "ಪಿ, ಎ, ಪೌಂಡ್, ಎ..." ಅಂತ ಶುರುವಿಟ್ಟುಕೊಂಡಿತು. ಅದು ಹಳೆಯ ನುಡಿ ಫಾಂಟಿನಲ್ಲಿ ಕೂಡಿಸಿದ್ದು. ಕಣ್ಣಿಗೆ 'ಕನ್ನಡ' ಅಂತ ಕಾಣುವ ಪದದ ಒಳಗಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಪೌಂಡಿನ ಗುರುತು. ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ ಆದರಷ್ಟೇ ಧ್ವನಿಗೆ ಅರ್ಥವಾಗುತ್ತದೆ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿದರೆ ಗುಟ್ಟು ರಟ್ಟಾಗುತ್ತದೆ: ಕನ್ನಡವೇ ಮೂಡಿದರೆ ಯೂನಿಕೋಡ್, ಇಂಥ ಪಿ-ಪೌಂಡ್ ಮೂಡಿದರೆ ಹಳೆಯ ಫಾಂಟು. ಸಾಲನ್ನು ಹಿಡಿಯಲಿಕ್ಕೇ ಬಾರದಿದ್ದರೆ ಸ್ಕ್ಯಾನ್ ಮಾಡಿದ ಚಿತ್ರ ಅಂತ ತಿಳಿಯಿರಿ. ಅಂಥದ್ದನ್ನು ಗೂಗಲ್ ಡ್ರೈವಿಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಹೊರಬರುತ್ತದೆ, ಅಲ್ಲಲ್ಲಿ ಒತ್ತಕ್ಷರಗಳ ಕಾಲು ಮುರಿದಿರುತ್ತದೆ ಅಷ್ಟೆ.

ಇಷ್ಟೆಲ್ಲ ಕಲಿತ ಮೇಲೂ ಒಂದು ಉಳಿದಿತ್ತು: ಧ್ವನಿಯನ್ನು ಟ್ಯಾಬ್‌ಗೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ನೆಟ್ ಇದ್ದಷ್ಟು ಹೊತ್ತೇ ಮಾತು. ನಾನು ಇಟ್ಟಿರಲಿಲ್ಲ. ಊರಿಗೆ ಹೊರಟ ಮತ್ಸ್ಯಗಂಧಾ ರೈಲು ರತ್ನಾಗಿರಿಗೆ ಮುಂಚಿನ ಕರ್ಬುಡೆ ಸುರಂಗ ಹೊಕ್ಕಿತು. ಆರೂವರೆ ಕಿಲೋಮೀಟರ್ ಕತ್ತಲು. ಕತೆಯ ಸೊಸೆ ಆಗಷ್ಟೇ ಬಾವಿಕಟ್ಟೆ ಹತ್ತಿದ್ದಳು, ಧ್ವನಿ ನಿಂತಿತು. ಅಪ್ಪ ಇಯರ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, ರತ್ನಾಗಿರಿ ಬರುವವರೆಗೂ ಕೇಳುತ್ತಲೇ ಇದ್ದರು: "ಹಾರಿದಳಾ ಮಗಾ, ಇಳಿದಳಾ?"