ಸರ್ಚ್ ಕನ್ಸೋಲೋ, ಅನಲಿಟಿಕ್ಸೋ?

ಶಿರಸಿ ಕಡೆ ಹೋಮ್‌ಸ್ಟೇ ಇದೆ, ವೆಬ್‌ಸೈಟೂ ಇದೆ. ಯಾವ ಪುಟ ಮೊದಲು ತಿದ್ದಬೇಕು ಅನ್ನೋದೇ ತಲೆನೋವು, ಅಲ್ವಾ? ಅದನ್ನು ತಿಳಿಯಲು ಗೂಗಲ್‌ನ ಎರಡು ಸಾಧನಗಳಿವೆ, ಸರ್ಚ್ ಕನ್ಸೋಲ್ ಮತ್ತು ಅನಲಿಟಿಕ್ಸ್; ಎರಡೂ ಪುಕ್ಕಟೆ. ಜನವೇ ಬರುತ್ತಿಲ್ಲ ಅಂದ್ರೆ ಕನ್ಸೋಲ್ ನೋಡಿ. ಬಂದವರು ಫೋನ್ ಮಾಡದೆ ಹೋಗುತ್ತಿದ್ದರೆ ಅನಲಿಟಿಕ್ಸ್.

ಕನ್ಸೋಲ್ ಹೇಳುವುದು ಬಾಗಿಲಾಚೆಯ ಕಥೆ: ಜನ ಏನು ಹುಡುಕಿದರು, ನಿಮ್ಮ ಪುಟ ಎಷ್ಟು ಸಲ ಕಾಣಿಸಿತು, ಎಷ್ಟು ಕ್ಲಿಕ್ ಬಂತು. ‘ಮಳೆಗಾಲದಲ್ಲಿ ಸಹಸ್ರಲಿಂಗ’ ಎಂದು ಹುಡುಕಿದವರಿಗೆ ನಮ್ಮ ಪುಟ ಕಾಣಿಸುತ್ತಿತ್ತು, ಕ್ಲಿಕ್ ಮಾತ್ರ ಸೊನ್ನೆ. ನೋಡಿದರೆ ಶೀರ್ಷಿಕೆ ‘ಸುತ್ತಮುತ್ತಲ ಸ್ಥಳಗಳು’! ಶಾಲ್ಮಲೆ ನದಿ ತುಂಬಿದರೆ ಅಲ್ಲಿನ ಬಂಡೆಗಳ ಮೇಲಿನ ಲಿಂಗಗಳು ನೀರಿನಡಿ ಮುಳುಗುತ್ತವೆ, ಯಾವಾಗ ಬಂದರೆ ಕಾಣುತ್ತವೆ ಎಂದು ಶೀರ್ಷಿಕೆಯಲ್ಲೇ ಬರೆದೆವು. ಆಮೇಲೆ ಕ್ಲಿಕ್ ಶುರುವಾಯಿತು.

ಅನಲಿಟಿಕ್ಸ್ 4 ನೋಡುವುದು ಒಳಗೆ ಬಂದವರನ್ನು. 10 ಸೆಕೆಂಡಿಗಿಂತ ಜಾಸ್ತಿ ಇದ್ದರೂ ಸಾಕು, ಅದನ್ನು ‘ಎಂಗೇಜ್ಡ್’, ಅಂದ್ರೆ ಆಸಕ್ತಿಯಿಂದ ನೋಡಿದ ಭೇಟಿ ಎನ್ನುತ್ತದೆ. ನನಗೆ ಆ ಲೆಕ್ಕದ ಮೇಲೆ ಅಷ್ಟು ನಂಬಿಕೆ ಇಲ್ಲ. ಘಟ್ಟದ ನೆಟ್‌ವರ್ಕಿನಲ್ಲಿ ಫೋಟೋ ಬರುವಷ್ಟರಲ್ಲೇ 10 ಸೆಕೆಂಡು ಮುಗಿದಿರುತ್ತದೆ! ಫೋನ್ ನಂಬರ್ ಎಷ್ಟು ಮಂದಿ ಒತ್ತಿದರು ಅನ್ನೋದೇ ಗಟ್ಟಿ. ಅದನ್ನು ನೀವೇ ಸೆಟ್ ಮಾಡಿಕೊಳ್ಳಬೇಕು.

ಒಂದು ಎಡವಟ್ಟಿದೆ. ಕನ್ಸೋಲ್ 16 ತಿಂಗಳ ಹುಡುಕಾಟವನ್ನಷ್ಟೇ ಇಟ್ಟುಕೊಳ್ಳುತ್ತದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಾಗಾಗಿ ಜಾತ್ರೆ ಮುಗಿದ ವಾರವೇ ಆ ಅಂಕಿಗಳನ್ನು ಶೀಟಿಗೆ ಇಳಿಸಿಟ್ಟುಕೊಳ್ಳಿ.