ಬಾಕ್-ಪೆಗ್3-ಆಸಿಡ್ ಲಿಂಕರ್: ಮೂರು ವರ್ಷ ಬಳಸಿದ ಮೇಲೆ

5ಕ್ಕೆ 4. ಒಂದು ಅಂಕ ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಬೆಂಗಳೂರಿನ ಒಂದು ಕಾಂಟ್ರಾಕ್ಟ್ ಲ್ಯಾಬಿನಲ್ಲಿ ಪ್ರೊಟ್ಯಾಕ್ ಅಣುಗಳನ್ನು ಮಾಡುವುದು ನನ್ನ ಕೆಲಸ. ಬೇಡದ ಪ್ರೋಟೀನನ್ನು ಒಂದು ಕೈಯಲ್ಲಿ, ಜೀವಕೋಶದ ಇ3 ಲೈಗೇಸ್ ಅನ್ನುವ ಕಿಣ್ವವನ್ನು ಇನ್ನೊಂದು ಕೈಯಲ್ಲಿ ಹಿಡಿದು ಪಕ್ಕಪಕ್ಕ ಕೂರಿಸುವ ಅಣು ಇದು. ಲೈಗೇಸ್ ಆ ಪ್ರೋಟೀನಿಗೆ ಯುಬಿಕ್ವಿಟಿನ್ ಚೀಟಿ ಅಂಟಿಸುತ್ತದೆ, ಪ್ರೋಟಿಯಾಸೋಮ್ ಅದನ್ನು ಚೂರು ಮಾಡುತ್ತದೆ. ಈ ಉಪಾಯ ಮೊದಲು ವರದಿಯಾಗಿದ್ದು 2001ರಲ್ಲಿ. ಎರಡು ಕೈಗಳ ನಡುವಿನ ದಾರವೇ ಲಿಂಕರ್. ಈ ದಾರದ ಕೊಂಡಿ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್), ಪೆಗ್3 ಅಂದರೆ ಮೂರು ಕೊಂಡಿ. ಅದರ ಉದ್ದ ಎಷ್ಟಿರಬೇಕು ಅಂತ ಕೂತಲ್ಲೇ ಹೇಳಲು ಬರುವುದಿಲ್ಲ. ಹತ್ತಾರು ಮಾಡಿ ನೋಡಬೇಕು. ಅಷ್ಟನ್ನೂ ನಾವೇ ಕಟ್ಟಿಕೊಳ್ಳುತ್ತಾ ಕೂತರೆ ತಿಂಗಳುಗಳೇ ಹೋಗುತ್ತವೆ, ಅದಕ್ಕೇ ರೆಡಿಮೇಡ್. (3 ಪೆಗ್ ತರಿಸಿ ಅಂದರೆ ನಮ್ಮ ಪರ್ಚೇಸ್‌ನವರು ಇವತ್ತಿಗೂ ನಗುತ್ತಾರೆ.)

ಲಿಂಕರಿನ ಒಂದು ತುದಿಯಲ್ಲಿ ಆಸಿಡ್, ಇನ್ನೊಂದರಲ್ಲಿ ಬಾಕ್ ಅನ್ನುವ ರಕ್ಷಣೆಯ ಟೋಪಿ ಹಾಕಿದ ಅಮೀನ್. ಟೋಪಿ ಇಲ್ಲದಿದ್ದರೆ ಕಪ್ಲಿಂಗ್ (ಆಸಿಡ್-ಅಮೀನ್ ಜೋಡಣೆ) ಮಾಡುವಾಗ ಲಿಂಕರ್‌ಗಳು ತಮ್ಮತಮ್ಮಲ್ಲೇ ಸರಪಳಿ ಕಟ್ಟಿಕೊಳ್ಳುತ್ತವೆ. ಎಫ್‌ಮಾಕ್ ಅನ್ನುವ ಇನ್ನೊಂದು ಟೋಪಿಯದ್ದನ್ನೂ ಬಳಸಿ ನೋಡಿದೆ. ಅದನ್ನು ತೆಗೆಯಲು ಪೈಪೆರಿಡಿನ್ ಅನ್ನುವ ಬೇಸ್ (ಪ್ರತ್ಯಾಮ್ಲ) ಬೇಕು. ಇ3 ಲೈಗೇಸಿನ ಭಾಗವಾದ ಸೆರೆಬ್ಲಾನನ್ನು ಹಿಡಿಯುವ ಕೈ ಪೊಮಾಲಿಡೊಮೈಡ್, ಅದರ ಗ್ಲುಟಾರಿಮೈಡ್ ಉಂಗುರಕ್ಕೆ ಬೇಸ್ ಅಂದರೆ ಆಗುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ಸೆರೆಬ್ಲಾನ್ ಕೆಲಸಕ್ಕೆ ಬಾಕ್ ಸಾಕು. ಟಿಎಫ್‌ಎ (ಬಲವಾದ ಆಮ್ಲ) ಮತ್ತು ಡಿಸಿಎಂ (ದ್ರಾವಕ) ಮಿಶ್ರಣದಲ್ಲಿ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಟೋಪಿ ಹೋಗುತ್ತದೆ. ಗ್ಯಾಸ್ ಬರುತ್ತದೆ, ಬಾಟಲಿ ಮುಚ್ಚಳ ಬಿಗಿ ಮಾಡಬೇಡಿ. ಆಮೇಲೆ ನೀರಿನಲ್ಲಿ ತೊಳೆಯಲೂಬೇಡಿ. ನಾನು ಮೊದಲ ಸಲ ಅಭ್ಯಾಸಬಲದಿಂದ ತೊಳೆದೆ. ಅಮೀನಿನ ಉಪ್ಪು ನೀರಲ್ಲಿ ಕರಗಿ ಸಿಂಕಿಗೆ ಹೋಯಿತು. ಸುಮ್ನೆ ರೋಟಾದಲ್ಲಿ (ದ್ರಾವಕ ಹಾರಿಸುವ ಯಂತ್ರ) ಒಣಗಿಸಿ, ಮುಂದಿನ ಕಪ್ಲಿಂಗಿಗೆ ಡಿಐಪಿಇಎ (ಪೈಪೆರಿಡಿನ್‌ನಷ್ಟು ಚುರುಕಲ್ಲದ ಬೇಸ್) ಜಾಸ್ತಿ ಹಾಕಿದರೆ ಆಯಿತು.

ಸರಕು ಜೋನಿ ಬೆಲ್ಲದ ಹಾಗೆ ಅಂಟು. ಚಮಚದಲ್ಲಿ ತೂಗಲು ಹೋದರೆ ಅರ್ಧ ಚಮಚಕ್ಕೇ ಉಳಿಯುತ್ತದೆ. ಬಾಟಲಿ ಬಂದ ದಿನವೇ ಡಿಸಿಎಂನಲ್ಲಿ ಕರಗಿಸಿ, ಪುಟ್ಟ ವೈಲ್‌ಗಳಿಗೆ ಹಂಚಿ, ಡಿಸಿಎಂ ಹಾರಿಸಿ, ಆರ್ಗಾನ್ ಕೆಳಗೆ ಮೈನಸ್ 20ರಲ್ಲಿ ಇಡುತ್ತೇನೆ.

ಈಗ ಕಳೆದ ಆ ಒಂದು ಅಂಕದ ಕಥೆ. ಒಬ್ಬ ಸಪ್ಲೈಯರ್ ಕಳಿಸಿದ ಬಾಟಲಿಯ ಜೊತೆ 98% ಶುದ್ಧ ಅನ್ನುವ ಸರ್ಟಿಫಿಕೇಟ್ ಇತ್ತು. ನಂಬಿದೆ. ಕೊನೆಯ ಅಣು ಮಾಡಿ ಮಾಸ್ (ಅಣುವಿನ ತೂಕ) ನೋಡಿದರೆ, ಬೇಕಾದ ಪೀಕಿನ ಪಕ್ಕ 44 ಜಾಸ್ತಿ ಇರುವ ಇನ್ನೊಂದು ಪೀಕ್. 44 ಅಂದರೆ ಒಂದು ಪೆಗ್ ಕೊಂಡಿ. ಪೆಗ್3 ಬಾಟಲಿಯಲ್ಲಿ ಪೆಗ್4 ಬೆರೆತಿತ್ತು. ಎರಡನ್ನೂ ಬೇರೆ ಮಾಡಲು ಪ್ರೆಪ್ ಎಚ್‌ಪಿಎಲ್‌ಸಿಯಲ್ಲಿ ನಾಲ್ಕು ದಿನ ಕೂತೆ. ಸರ್ಟಿಫಿಕೇಟನ್ನು ತಿರುವಿ ನೋಡಿದರೆ ಶುದ್ಧತೆ ಅಳೆದಿದ್ದು ಯುವಿಯಲ್ಲಿ (ಅತಿನೇರಳೆ ಬೆಳಕು)! ಈ ಲಿಂಕರ್ ಯುವಿಗೆ ಕಾಣುವುದೇ ಕಷ್ಟ. ಟಿಎಲ್‌ಸಿ (ತೆಳುಪದರದ ಪರೀಕ್ಷೆ) ಮಾಡಿದಾಗಲೂ ಕಲೆ ಕಾಣಲು ಅಯೋಡಿನ್ ಡಬ್ಬಿಗೇ ಹಾಕಬೇಕು. ಕುರುಡನಿಗೆ ಕಾವಲು ಕೊಟ್ಟ ಹಾಗಾಯ್ತು ಅಲ್ವಾ? ಈಗ ಯುವಿ ನೆಚ್ಚದ ಇಎಲ್‌ಎಸ್‌ಡಿ ಡಿಟೆಕ್ಟರಿನ ರಿಪೋರ್ಟ್ ಕೇಳಿಯೇ ತರಿಸುತ್ತೇನೆ, ಬಂದ ಮೇಲೆ ಮಾಸ್ ನಾನೇ ಹಾಕುತ್ತೇನೆ. 322 (ಪೆಗ್3) ಮಾತ್ರ ಇರಬೇಕು, 366 (ಪೆಗ್4) ಇರಬಾರದು. ಬಾಕ್ ಮಾಸ್ ಯಂತ್ರದ ಒಳಗೇ ಉದುರಿ 222 ಕಂಡರೆ ಗಾಬರಿ ಬೇಡ.

ಆರ್ಡರ್ ಮಾಡುವಾಗ ಹೆಸರಿಗಿಂತ ಚಿತ್ರ ನೋಡಿ. ಪೆಗ್3-ಆಸಿಡ್ ಅಂತಲೇ ಎರಡು ಸಿಗುತ್ತವೆ, ಆಸಿಡ್ ಪಕ್ಕ ಒಂದು ಕಾರ್ಬನ್ ಹೆಚ್ಚುಕಡಿಮೆ.

ಈಚೆಗೆ ನಮ್ಮಲ್ಲಿ ಬಾಕ್-ಪೈಪೆರಜಿನ್ ಥರದ, ಉಂಗುರವಿರುವ ಗಟ್ಟಿ ಲಿಂಕರ್‌ಗಳೇ ಜಾಸ್ತಿ. ಮನುಷ್ಯರ ಮೇಲೆ ಪರೀಕ್ಷೆಗೆ ಹೋದ ಪ್ರೊಟ್ಯಾಕ್‌ಗಳಾದ ಎಆರ್‌ವಿ-110, ಎಆರ್‌ವಿ-471 ಎರಡರಲ್ಲೂ ಅಂಥ ಉಂಗುರಗಳೇ ಇವೆ. ಪೆಗ್ ವೈಲ್‌ಗಳು ಫ್ರೀಜರಿನ ಕೆಳಗಿನ ಖಾನೆಗೆ ಹೋಗಿವೆ. ಹೊಸ ಟಾರ್ಗೆಟ್ ಬಂದ ಮೊದಲ ವಾರ ಮೇಲೆ ಬರುತ್ತವೆ, ಎಷ್ಟು ಉದ್ದ ಬೇಕು ಅಂತ ಗೊತ್ತಾದ ಮೇಲೆ ಮತ್ತೆ ಕೆಳಗೆ.