ಕರ್ವಾಲೊಗೆ ನಿಬ್ಬು, ಮದುಮಗಳಿಗೆ ಬ್ರಷ್: ಎರಡು ಕಾದಂಬರಿ, ಇಬ್ಬರು ಗಾಯಕರು

ಓದಿದ ಪುಸ್ತಕಕ್ಕೆ ಚಿತ್ರ ಬಿಡಿಸುವುದು ನನ್ನ ಹವ್ಯಾಸ. ಯಾರೂ ಕೇಳಿ ಬಿಡಿಸುವುದಲ್ಲ, ಎಲ್ಲೂ ಅಚ್ಚಾಗುವುದೂ ಇಲ್ಲ. ಪುಸ್ತಕ ಮುಗಿದ ಮೇಲೂ ಅದರ ಜೊತೆ ಇನ್ನಷ್ಟು ದಿನ ಇರಬೇಕು ಅನ್ನಿಸುತ್ತದೆ, ಅದಕ್ಕೆ. ಬಿಡಿಸುವಾಗ ಪಕ್ಕದಲ್ಲಿ ಹಿಂದೂಸ್ತಾನಿ ಗಾಯನ ಇರಲೇಬೇಕು. ಯಾವ ಪುಸ್ತಕಕ್ಕೆ ಯಾವ ಸಾಮಾನು ಹೊಂದುತ್ತದೆ, ಯಾರ ಹಾಡು ಹೊಂದುತ್ತದೆ ಎಂದು ಅದಲು ಬದಲು ಮಾಡಿ ನೋಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪುಸ್ತಕಗಳು ಎರಡು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967), ತೇಜಸ್ವಿಯವರ 'ಕರ್ವಾಲೊ' (1980). ತಂದೆ, ಮಗ ಇಬ್ಬರೂ ಬರೆದದ್ದು ಮಲೆನಾಡನ್ನೇ. ಆದರೆ ಪೆನ್ಸಿಲ್ ಹಿಡಿದು ಕೂತರೆ ಎರಡೂ ಬೇರೆಯೇ ಕಾಡುಗಳು. ಸಾಮಾನು ಕೂಡ ಎರಡು: ಇಂಡಿಯನ್ ಇಂಕಿನಲ್ಲಿ ಅದ್ದಿ ಬರೆಯುವ ನಿಬ್ಬಿನ ಪೆನ್, ಮತ್ತು ವಾಟರ್ ಕಲರ್. ಗಾಯಕರು ಮಲ್ಲಿಕಾರ್ಜುನ ಮನ್ಸೂರ್ ಮತ್ತು ಭೀಮಸೇನ ಜೋಶಿ. ಇಬ್ಬರೂ ಧಾರವಾಡ ಸೀಮೆಯವರು, ಘರಾಣೆ (ಗಾಯನ ಪರಂಪರೆ) ಮಾತ್ರ ಬೇರೆ. ಮನ್ಸೂರರದು ಜೈಪುರ ಅತ್ರೌಲಿ, ಜೋಶಿಯವರದು ಕಿರಾಣಾ.

'ಕರ್ವಾಲೊ' ಚಿತ್ರಕಾರರಿಗೆ ಸಿಕ್ಕ ಹಬ್ಬ. ಅದರಲ್ಲಿ ಯಾರೂ ಸುಮ್ನೆ ನಿಂತಿರುವುದಿಲ್ಲ. ಮಂದಣ್ಣ ಏನೋ ಹುಡುಕುತ್ತಿರುತ್ತಾನೆ, ಬಿರಿಯಾನಿ ಕರಿಯಪ್ಪ ಅಡುಗೆಯ ಗುಂಗಿನಲ್ಲಿರುತ್ತಾನೆ, ಪ್ರಭಾಕರನ ಕೈಯಲ್ಲಿ ಕ್ಯಾಮೆರಾ, ಕಾಲ ಬಳಿ ಕಿವಿ ಎಂಬ ನಾಯಿ. ಮುಖದ ವರ್ಣನೆಗಿಂತ ಮೈಯ ಚಲನೆ ಜಾಸ್ತಿ. ಹಾಗಾಗಿ ಗೆರೆಯೇ ಸಾಕು, ಬಣ್ಣ ಬೇಕಿಲ್ಲ. ವಾಟರ್ ಕಲರಿನಲ್ಲಿ ಮಾಡಿದರೆ ಚೆಂದವಾಗಿ ಕಾಣುತ್ತದೆ ನಿಜ, ಆದರೆ ತೇಜಸ್ವಿಯವರ ಗದ್ಯದ ಚುರುಕು ಹೋಗಿ ಪ್ರವಾಸದ ಕ್ಯಾಲೆಂಡರ್ ಆಗಿಬಿಡುತ್ತದೆ. ನಿಬ್ಬಿನಲ್ಲಿ ಹಾಗಾಗುವುದಿಲ್ಲ. ಒತ್ತಿದರೆ ದಪ್ಪ, ಬಿಟ್ಟರೆ ಸಣ್ಣ, ಒಮ್ಮೆ ಬಿದ್ದ ಗೆರೆ ಬಿದ್ದದ್ದೇ.

ಇನ್ನು ಕಾದಂಬರಿಯಲ್ಲಿ ಎಲ್ಲರೂ ಹುಡುಕುವ ಆ ಹಾರುವ ಓತಿ. ಪಕ್ಕೆಲುಬುಗಳು ಉದ್ದಕ್ಕೆ ಬೆಳೆದು, ಅವುಗಳ ಮೇಲೆ ಚರ್ಮ ಹಾಳೆಯಂತೆ ಹರಡಿಕೊಳ್ಳುವ ಪ್ರಾಣಿ ಅದು. ರೆಕ್ಕೆ ಬಡಿಯುವುದಿಲ್ಲ, ಮರದಿಂದ ಮರಕ್ಕೆ ತೇಲುತ್ತದೆ. ಒಂದೊಂದು ಎಲುಬನ್ನೂ ನಿಬ್ಬಿನಲ್ಲಿ ಎಳೆಯುವ ಖುಷಿಯೇ ಬೇರೆ. ಹಾಗಿದ್ದರೂ ಓತಿಯನ್ನು ಮೊದಲ ಚಿತ್ರದಲ್ಲೇ ದೊಡ್ಡದಾಗಿ ತೋರಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾದಂಬರಿ ನಿಂತಿರುವುದೇ ಅದರ ಹುಡುಕಾಟದ ಮೇಲೆ, ಅಲ್ವಾ? ನಾನು ಬಿಡಿಸಿರುವುದು ಕತ್ತೆತ್ತಿ ಮರದ ತುದಿ ನೋಡುತ್ತಿರುವ ಜನರನ್ನು. ಓತಿಗೆ ಬೇರೆ ಹಾಳೆ.

ಈ ಗೆರೆಗಳಿಗೆ ಮನ್ಸೂರರೇ ಸರಿ. ಅವರು ಹಾಡಲು ಶುರುಮಾಡಿದರೆ ಪೀಠಿಕೆ ಕಡಿಮೆ. ರಾಗವನ್ನು ನಿಧಾನವಾಗಿ ಬಿಡಿಸುವ ಉದ್ದ ಆಲಾಪದಲ್ಲಿ ಕಾಯಿಸದೆ ಬೇಗ ಬಂದಿಶ್‌ಗೆ, ಅಂದರೆ ತಾಳಕ್ಕೆ ಕಟ್ಟಿದ ಹಾಡಿಗೆ, ಬರುತ್ತಾರೆ. ಲಯ ಹೆಚ್ಚಾಗಿ ಮಧ್ಯದ್ದು. ಒಂದು ಮಾತು ಮುಗಿಯಿತು ಅನ್ನುವಾಗಲೇ ಅದರ ಬಾಲ ಹಿಡಿದು ಇನ್ನೊಂದು ಹೊರಡುತ್ತದೆ. ಕೈ ಎತ್ತಲು ಮನಸ್ಸೇ ಬರುವುದಿಲ್ಲ. ಮಂದಣ್ಣನ ಬೆನ್ನಿನಿಂದ ಹಿಮ್ಮಡಿಯವರೆಗೆ ಒಂದೇ ಗೆರೆ ಹೋಗುವುದು ಇಂಥ ಹೊತ್ತಿನಲ್ಲೇ. ಚಿತ್ರಕಾರ ಕೆ.ಕೆ. ಹೆಬ್ಬಾರರು ನರ್ತಕಿಯರನ್ನೂ ಸಂಗೀತಗಾರರನ್ನೂ ಕೆಲವೇ ಗೆರೆಗಳಲ್ಲಿ ಹಿಡಿದದ್ದನ್ನು ನೋಡಿದವರಿಗೆ ಗೆರೆಗೂ ಉಸಿರಿಗೂ ಇರುವ ನಂಟು ಗೊತ್ತಿರುತ್ತದೆ.

ಇದೇ ಚಿತ್ರಕ್ಕೆ ಜೋಶಿಯವರ ವಿಲಂಬಿತ, ಅಂದರೆ ನಿಧಾನ ಲಯದ ಗಾಯನ, ಹಾಕಿ ನೋಡಿ. ವಿಲಂಬಿತ ಏಕತಾಳದಲ್ಲಿ ಹನ್ನೆರಡು ಮಾತ್ರೆಯ (ಎಣಿಕೆಯ) ಒಂದು ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಮುಕ್ಕಾಲು ನಿಮಿಷ ಹಿಡಿಯುವುದೂ ಉಂಟು. ಕೈ ಅದನ್ನೇ ಅನುಸರಿಸಿ ನಿಧಾನವಾಗುತ್ತದೆ. ನಿಬ್ಬು ನಿಂತಲ್ಲಿ ಇಂಕು ಸೇರಿ ಗುಳ್ಳೆ ಕಟ್ಟುತ್ತದೆ. ಗೆರೆಯಲ್ಲಿ ಅನುಮಾನ ಕಾಣಿಸುತ್ತದೆ. ಜೋಶಿಯವರು ನನಗೆ ತುಂಬಾ ಪ್ರಿಯರು, ಆದರೂ ಪೆನ್ನಿಗೆ ಅವರ ವಿಲಂಬಿತ ಬೇಡ.

ಮನ್ಸೂರರಲ್ಲಿ ಒಂದು ತೊಡಕಿದೆ. ಅವರು ಆರಿಸುವ ರಾಗಗಳು ಅಪರೂಪದವು. ಶಿವಮತ ಭೈರವ ಬಂದರೆ ಕೆಲಸ ನಡೆಯುತ್ತದೆ. ಏಳೂ ಸ್ವರಗಳಿರುವ ಸಂಪೂರ್ಣ ಮಾಲಕಂಸ ಬಂದರೆ ನನ್ನ ಕೈ ನಿಲ್ಲುತ್ತದೆ. ಐದು ಸ್ವರಗಳ ಮಾಲಕಂಸ ಕಿವಿಯಲ್ಲಿ ಕೂತಿರುವಾಗ ಉಳಿದೆರಡು ಸ್ವರಗಳು ಎಲ್ಲಿಂದ ಬಂದವು ಎಂದು ಕೇಳುತ್ತ ಕೂತುಬಿಡುತ್ತೇನೆ. ಅದನ್ನು ಚಿತ್ರದ ಹೊತ್ತಿಗೆ ಇಟ್ಟುಕೊಳ್ಳದಿರುವುದೇ ಒಳ್ಳೆಯದು.

'ಮಲೆಗಳಲ್ಲಿ ಮದುಮಗಳು' ಬಿಡಿಸುವುದು ನಿಜಕ್ಕೂ ಕಷ್ಟ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಎಂದು ಕುವೆಂಪು ಶುರುವಿನಲ್ಲೇ ಹೇಳಿಬಿಟ್ಟಿದ್ದಾರೆ. ಚಿತ್ರದಲ್ಲಿ ಯಾರನ್ನಾದರೂ ನಡುವೆ ನಿಲ್ಲಿಸಿದ ಕೂಡಲೇ ಆ ಮಾತು ಮುರಿಯುತ್ತದೆ. ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನನ್ನು ಪೆನ್ನಿನಲ್ಲಿ ಮಾಡಿದಾಗ ಚಿತ್ರ ಅಚ್ಚುಕಟ್ಟಾಗಿಯೇ ಬಂತು. ಆದರೆ ಅದು ಗುತ್ತಿಯ ಚಿತ್ರವಾಯಿತೇ ಹೊರತು ಕಾದಂಬರಿಯದಾಗಲಿಲ್ಲ. ವಾಟರ್ ಕಲರಿನಲ್ಲಿ ಮಾತ್ರ ಮನುಷ್ಯ, ನಾಯಿ, ಮಳೆ, ಮರ ಎಲ್ಲವೂ ಒಂದೇ ನೀರಿನಲ್ಲಿ ಸೇರಿಕೊಳ್ಳುತ್ತವೆ. ಅಂಚುಗಳು ಕರಗುತ್ತವೆ. ಗುತ್ತಿಯ ಕಂಬಳಿ ಎಲ್ಲಿ ಮುಗಿಯಿತು, ಕಾಡಿನ ಕತ್ತಲೆ ಎಲ್ಲಿ ಶುರುವಾಯಿತು ಎಂದು ಹೇಳಲಾಗುವುದಿಲ್ಲ. ನನಗೆ ಬೇಕಾದದ್ದು ಅದೇ.

ಇದಕ್ಕೆ ಕಾಗದ ಒಳ್ಳೆಯದೇ ಬೇಕು. ಪೆನ್ನಿಗೆ ಮಾಮೂಲಿ ಕಾರ್ಟ್ರಿಡ್ಜ್ ಪೇಪರ್ ಸಾಕಾಗುತ್ತದೆ, ಆದರೆ ಒದ್ದೆ ವಾಶ್‌ಗೆ (ನೀರು ಬೆರೆಸಿದ ತೆಳು ಬಣ್ಣದ ಲೇಪಕ್ಕೆ) ಅದು ಸುರುಟಿಕೊಳ್ಳುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದಕ್ಕೆ ದುಡ್ಡು ಹಾಕಿ, ಬಣ್ಣದಲ್ಲಿ ಉಳಿಸಿ. ಮಲೆನಾಡಿಗೆ ಇಂಡಿಗೋ (ಕಡು ನೀಲಿ), ಬರ್ನ್ಟ್ ಸಿಯೆನಾ (ಕೆಂಪು ಮಿಶ್ರಿತ ಕಂದು), ಒಂದು ಹಳದಿ, ಇಷ್ಟೇ ಸಾಕು. ಅಂಗಡಿಯ ಸಿದ್ಧ ಹಸಿರು ನಮ್ಮ ಕಾಡಿಗೆ ತೀರಾ ಹೊಳಪು.

ಇಲ್ಲಿ ಜೋಶಿಯವರು ಬರಬೇಕು. ವಾಟರ್ ಕಲರ್ ಎಂದರೆ ಅರ್ಧಕ್ಕರ್ಧ ಕಾಯುವ ಕೆಲಸ. ಮೊದಲ ತೆಳು ವಾಶ್ ಒಣಗಬೇಕು, ಆಮೇಲೆ ಎರಡನೆಯದು, ಕಡು ಬಣ್ಣ ಕೊನೆಗೆ. ಕಿರಾಣಾದ ಬಢತ್ (ರಾಗವನ್ನು ಹಂತಹಂತವಾಗಿ ಬೆಳೆಸುವುದು) ನಡೆಯುವುದೂ ಹೀಗೆಯೇ. ಮಂದ್ರದಲ್ಲಿ (ಕೆಳಗಿನ ಸ್ಥಾಯಿಯಲ್ಲಿ) ಶುರುವಾಗಿ ಒಂದೊಂದೇ ಸ್ವರ ತೆರೆಯುತ್ತ, ತಾರ ಷಡ್ಜ (ಮೇಲಿನ ಸ) ತಲುಪುವ ಹೊತ್ತಿಗೆ ನಮ್ಮನ್ನು ಪೂರ್ತಿ ಸಿದ್ಧ ಮಾಡಿರುತ್ತಾರೆ. ಅವರ ಪೂರಿಯಾ ಧನಾಶ್ರೀ ಕೇಳುತ್ತಿದ್ದರೆ ಒದ್ದೆ ಕಾಗದಕ್ಕೆ ಅವಸರದಲ್ಲಿ ಕೈ ಹಾಕುವ ಚಟ ತಾನಾಗಿ ಬಿಡುತ್ತದೆ. ಮನ್ಸೂರರನ್ನು ಹಾಕಿದಾಗ ಬ್ರಷ್ ಓಡುತ್ತದೆ, ಎರಡು ವಾಶ್ ಬೆರೆತು ಕೆಸರಾಗುತ್ತದೆ.

ಮಳೆಯ ದೃಶ್ಯವಾದರೆ ಮಿಯಾ ಮಲ್ಹಾರ ಹಾಕಬೇಕಲ್ವಾ ಎಂದು ಗೆಳೆಯರು ಕೇಳುತ್ತಾರೆ. ನನ್ನ ಅನುಭವದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ರಾಗವೂ ಮಳೆ, ಕಥೆಯೂ ಮಳೆ, ಬಣ್ಣವೂ ಮಳೆ ಆದಾಗ ಚಿತ್ರ ನಾಟಕದ ಪರದೆಯಂತೆ ಕಾಣುತ್ತದೆ. ಕಥೆಯ ಭಾವ ನೋಡಿ ಹಾಡು ಆರಿಸಬೇಡಿ, ಕೈಯ ವೇಗ ನೋಡಿ ಆರಿಸಿ. ಭಾವವನ್ನು ಪುಸ್ತಕವೇ ಆಗಲೇ ಕೊಟ್ಟಿರುತ್ತದೆ.

ಭಾವಗೀತೆ ಮತ್ತು ಸಿನಿಮಾ ಹಾಡುಗಳನ್ನು ಪಟ್ಟಿಯಿಂದ ಕೈಬಿಟ್ಟಿದ್ದೇನೆ. ಅವುಗಳಲ್ಲಿ ಮಾತು ಕಿವಿಗೆ ಬೀಳುತ್ತದೆ, ಆ ಮಾತು ಓದಿದ ಸಾಲನ್ನು ತಳ್ಳಿಬಿಡುತ್ತದೆ. ಈ ಇಬ್ಬರೂ ಹಾಡುತ್ತಿದ್ದ ಖಯಾಲ್‌ನಲ್ಲಿ ಮಾತು ಎರಡೇ ಸಾಲು, ಅದೂ ಸ್ವರದಲ್ಲಿ ಕರಗಿರುತ್ತದೆ. ಟ್ಯಾಬ್ಲೆಟ್‌ನಲ್ಲೂ ಪ್ರಯತ್ನಿಸಿದೆ. ಅಳಿಸುವ ಅವಕಾಶ ಇರುವುದರಿಂದ ಗೆರೆ ಗಟ್ಟಿಯಾಗುವುದೇ ಇಲ್ಲ, ಹಾಗಾಗಿ ಅದನ್ನು ರಫ್ ಸ್ಕೆಚ್‌ಗೆ ಮಾತ್ರ ಬಳಸುತ್ತೇನೆ.

ಹೊಸದಾಗಿ ಶುರುಮಾಡುವವರು 'ಕರ್ವಾಲೊ', ನಿಬ್ಬು ಮತ್ತು ಮನ್ಸೂರರಿಂದ ಶುರುಮಾಡಿ. ಖರ್ಚು ಕಡಿಮೆ, ಒಂದು ಸಂಜೆಗೆ ಒಂದು ಚಿತ್ರ ಮುಗಿಯುತ್ತದೆ. 'ಮದುಮಗಳು' ಕೈಗೆತ್ತಿಕೊಳ್ಳುವವರು ಬೇಸಿಗೆಯಲ್ಲಿ ಶುರುಮಾಡಿ. ಮಳೆಗಾಲದಲ್ಲಿ ಆ ಕಾಗದ ಬೇಗ ಒಣಗುವುದಿಲ್ಲ.